ಓದಿದ್ದು ಲೆಕ್ಕಕ್ಕೆ ಬರಲಿ

ನೆಲಮಂಗಲದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನೊಬ್ಬ ಎಂಜಿನಿಯರ್ ಆಗಬೇಕೆಂದರೆ ಅವನ ಮುಂದೆ ಎರಡು ದಾರಿಗಳಿವೆ. ಎರಡು ವರ್ಷ ಪಿಯುಸಿ ವಿಜ್ಞಾನ ಓದಿ, ಸಿಇಟಿ ಬರೆದು ನಾಲ್ಕು ವರ್ಷದ ಬಿ.ಇ.ಗೆ ಸೇರುವುದು ಒಂದು. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ಬಿ.ಇ.ಯ ಎರಡನೇ ವರ್ಷಕ್ಕೆ ನೇರವಾಗಿ ಸೇರುವುದು ಇನ್ನೊಂದು. ಮೊದಲನೆಯದು ಎರಡು ಕೂಡಿಸು ನಾಲ್ಕು. ಎರಡನೆಯದು ಮೂರು ಕೂಡಿಸು ಮೂರು. ಎರಡೂ ಆರೇ ವರ್ಷ. ಡಿಪ್ಲೊಮಾ ಹಿಡಿದವನಿಗೆ ಒಂದು ವರ್ಷವೂ ನಷ್ಟವಿಲ್ಲ. ಮನೆಯ ಪರಿಸ್ಥಿತಿ ಕೈಕೊಟ್ಟು ನಡುವೆ ನಿಲ್ಲಬೇಕಾಗಿ ಬಂದರೂ ಪೀಣ್ಯದಲ್ಲೋ ದಾಬಸ್‌ಪೇಟೆಯಲ್ಲೋ ಕೆಲಸ ಕೇಳಲು ಅವನ ಕೈಯಲ್ಲಿ ಒಂದು ಸರ್ಟಿಫಿಕೇಟ್ ಇರುತ್ತದೆ.

ಅದೇ ಊರಿನ ಹುಡುಗಿಯೊಬ್ಬಳು ಬಿ.ಎ. ಎರಡು ವರ್ಷ ಓದಿ, ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಹೋದಳು ಎಂದಿಟ್ಟುಕೊಳ್ಳಿ. ಅಲ್ಲಿನ ಕಾಲೇಜಿನಲ್ಲಿ ಮೂರನೇ ವರ್ಷಕ್ಕೆ ಸೇರಬಹುದೇ ಎಂದು ಕೇಳಿದರೆ ಹೌದು ಎಂದು ಯಾರೂ ಧೈರ್ಯವಾಗಿ ಹೇಳುವುದಿಲ್ಲ. ಮಾರ್ಕ್ಸ್ ಕಾರ್ಡ್ ತನ್ನಿ, ಸಿಲಬಸ್ ತನ್ನಿ, ಎನ್‌ಒಸಿ ತನ್ನಿ, ನೋಡೋಣ ಎನ್ನುತ್ತಾರೆ. ಈ 'ನೋಡೋಣ' ಎಷ್ಟೋ ಮಂದಿಯ ಓದಿಗೆ ಅಲ್ಲೇ ಕೊನೆ ಹಾಡುತ್ತದೆ. ಇಬ್ಬರೂ ಓದಿದ್ದಾರೆ, ಇಬ್ಬರೂ ಪಾಸಾಗಿದ್ದಾರೆ, ಇಬ್ಬರೂ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದಾರೆ. ಒಬ್ಬನ ಓದು ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಇನ್ನೊಬ್ಬಳದು ಗುಮಾಸ್ತರ ಮೇಜಿನ ಮೇಲೆ ಕೂರುತ್ತದೆ. ಈ ವ್ಯತ್ಯಾಸಕ್ಕೆ ಬುದ್ಧಿವಂತಿಕೆಯಾಗಲಿ ಕಾಲೇಜಿನ ಗುಣಮಟ್ಟವಾಗಲಿ ಕಾರಣವಲ್ಲ. ಡಿಪ್ಲೊಮಾದವನ ವಿಷಯದಲ್ಲಿ ಸರ್ಕಾರ ಅವನು ಬರುವುದಕ್ಕೆ ಮುಂಚೆಯೇ ನಿಯಮ ಬರೆದಿಟ್ಟಿದೆ. ಬಿ.ಎ. ಹುಡುಗಿಯ ವಿಷಯದಲ್ಲಿ ಅವಳು ಬಾಗಿಲಿಗೆ ಬಂದ ಮೇಲೆ ಯೋಚನೆ ಶುರುವಾಗುತ್ತದೆ. ಕ್ರೆಡಿಟ್ ವರ್ಗಾವಣೆಯ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಪೋರ್ಟಲ್, ಐಡಿ, ಡಿಜಿಲಾಕರ್‌ಗಳ ಸುತ್ತ ತಿರುಗುತ್ತಿದೆ. ಮುಖ್ಯ ಪ್ರಶ್ನೆ ಅಲ್ಲಿಲ್ಲ. ಓದಿದ್ದನ್ನು ಒಪ್ಪಿಕೊಳ್ಳುವ ನಿರ್ಧಾರ ಯಾವಾಗ ಆಗುತ್ತದೆ, ಯಾರು ಮಾಡುತ್ತಾರೆ ಎಂಬುದೇ ಪ್ರಶ್ನೆ.

ಮೊದಲು ಸರಿಯಾಗಿ ನಡೆಯುತ್ತಿರುವುದನ್ನೇ ನೋಡೋಣ. ಡಿಪ್ಲೊಮಾ ಮುಗಿಸಿದವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿ ವರ್ಷ ಡಿಸಿಇಟಿ ನಡೆಸುತ್ತದೆ. ರ‍್ಯಾಂಕ್ ಬಂದ ಮೇಲೆ ಕೌನ್ಸೆಲಿಂಗ್. ಸೀಟು ಸಿಕ್ಕಿದರೆ ಮೂರನೇ ಸೆಮಿಸ್ಟರ್‌ಗೆ ಪ್ರವೇಶ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಈಗಿನ ಬಿ.ಇ. ಪದವಿಗೆ ಒಟ್ಟು 160 ಕ್ರೆಡಿಟ್ ಬೇಕು. ಹೀಗೆ ನೇರವಾಗಿ ಎರಡನೇ ವರ್ಷಕ್ಕೆ, ಅಂದರೆ ಲ್ಯಾಟರಲ್ ಎಂಟ್ರಿಯಲ್ಲಿ, ಬಂದವರು 120 ಗಳಿಸಿದರೆ ಸಾಕು. ಮೊದಲ ವರ್ಷದ 40 ಕ್ರೆಡಿಟ್‌ಗಳಿಗೆ ಡಿಪ್ಲೊಮಾವೇ ಸಮ ಎಂದು ವಿಶ್ವವಿದ್ಯಾಲಯ ಒಪ್ಪಿಕೊಂಡಿದೆ. ಪಾಲಿಟೆಕ್ನಿಕ್‌ನ ಯಾವ ಪೇಪರ್ ಬಿ.ಇ.ಯ ಯಾವ ಪೇಪರ್‌ಗೆ ಹೊಂದುತ್ತದೆ ಎಂದು ಒಬ್ಬೊಬ್ಬ ವಿದ್ಯಾರ್ಥಿಗೂ ಕೂತು ತಾಳೆ ನೋಡುವುದಿಲ್ಲ. ಇಡೀ ಡಿಪ್ಲೊಮಾವನ್ನು ಒಂದು ಗಂಟಾಗಿ ತೆಗೆದುಕೊಂಡು, ಇಡೀ ಒಂದು ವರ್ಷಕ್ಕೆ ಬದಲಾಗಿ ಇಟ್ಟುಕೊಳ್ಳುತ್ತದೆ.

ಹಾಗೆಂದು ಕಣ್ಣು ಮುಚ್ಚಿ ಒಪ್ಪಿಕೊಂಡಿಲ್ಲ. ಡಿಪ್ಲೊಮಾದವರಿಗೆ ಡ್ರಾಯಿಂಗ್, ವರ್ಕ್‌ಶಾಪ್, ಯಂತ್ರದ ಪರಿಚಯ ಚೆನ್ನಾಗಿರುತ್ತದೆ. ಪಿಯುಸಿ ಮಾಡಿದವರಿಗೆ ಹೋಲಿಸಿದರೆ ಗಣಿತ ತೆಳುವಾಗಿರುತ್ತದೆ. ಅದಕ್ಕೆ ವಿಶ್ವವಿದ್ಯಾಲಯ ಒಂದು ಸೇತುವೆ ಕಟ್ಟಿದೆ: ಲ್ಯಾಟರಲ್ ವಿದ್ಯಾರ್ಥಿಗಳು ಹೆಚ್ಚುವರಿ ಗಣಿತದ ಪತ್ರಿಕೆಗಳನ್ನು ಬರೆಯಬೇಕು. ಅವಕ್ಕೆ ಕ್ರೆಡಿಟ್ ಇಲ್ಲ, ಆದರೆ ಪಾಸಾಗದೆ ಪದವಿಯೂ ಇಲ್ಲ. ಕೊರತೆ ಎಲ್ಲಿದೆಯೋ ಅಲ್ಲಿಗಷ್ಟೇ ಮದ್ದು. 'ನಿನ್ನ ಗಣಿತ ಸಾಲದು, ಆದ್ದರಿಂದ ಮೊದಲ ವರ್ಷದ ಡ್ರಾಯಿಂಗನ್ನೂ ಮತ್ತೆ ಓದು' ಎಂದು ಯಾರೂ ಹೇಳುವುದಿಲ್ಲ. ಐಟಿಐಗೂ ಇದೇ ನ್ಯಾಯ ಅನ್ವಯವಾಗುತ್ತದೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಹೀಗೆ ಫಿಟ್ಟರ್ ಟ್ರೇಡ್‌ನಲ್ಲಿ ಕಲಿಕೆ ಶುರು ಮಾಡಿದ ಹುಡುಗ ಮೆಟ್ಟಿಲು ಮೆಟ್ಟಿಲಾಗಿ ಬಿ.ಇ.ವರೆಗೆ ಹೋಗುವುದು ನಮ್ಮ ರಾಜ್ಯದಲ್ಲಿ ಕಾಗದದ ಮೇಲಿನ ಕನಸಲ್ಲ, ನಡೆಯುತ್ತಿರುವ ವಿಷಯ.

ಇದು ತಾನಾಗಿ ಬಂದದ್ದಲ್ಲ. ಬೆಂಗಳೂರಿನ ಕೆ.ಆರ್. ಸರ್ಕಲ್‌ ಬಳಿ ಎರಡು ಹಳೆಯ ಸಂಸ್ಥೆಗಳಿವೆ. 1917ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು, ಇಂದಿನ ಯುವಿಸಿಇ, ಒಂದು. 1943ರಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್, ಜನ ಎಸ್.ಜೆ.ಪಿ. ಎನ್ನುವುದು, ಇನ್ನೊಂದು. ಎರಡರ ಹಿಂದೆಯೂ ಸರ್ ಎಂ. ವಿಶ್ವೇಶ್ವರಯ್ಯನವರ ಆಸಕ್ತಿ ಇತ್ತು. ಒಂದರಿಂದ ಇನ್ನೊಂದಕ್ಕೆ ನಡೆದುಕೊಂಡೇ ಹೋಗಬಹುದು. ಆದರೂ ಒಂದು ಎಂಜಿನಿಯರ್‌ಗಳನ್ನು, ಇನ್ನೊಂದು ಅವರ ಕೈಕೆಳಗೆ ದುಡಿಯುವ ಸೂಪರ್‌ವೈಸರ್‌ಗಳನ್ನು ತಯಾರು ಮಾಡುತ್ತದೆ ಎಂಬ ತಿಳಿವಳಿಕೆ ಬಹುಕಾಲ ಗಟ್ಟಿಯಾಗಿತ್ತು. ಆ ಎರಡು ಕಟ್ಟಡಗಳ ನಡುವೆ ವಿದ್ಯಾರ್ಥಿಗೂ ದಾರಿ ಇರಬೇಕೆಂದು ಯಾರೋ ನಿಯಮ ಬರೆದರು. ನಿಯಮ ಬರೆದ ಮೇಲೆ ಅದು ಒಬ್ಬ ಪ್ರಿನ್ಸಿಪಾಲರ ಔದಾರ್ಯವಾಗಿ ಉಳಿಯಲಿಲ್ಲ, ಎಲ್ಲರೂ ಕೇಳಬಹುದಾದ ಹಕ್ಕಾಯಿತು.

ಈಗ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಕಡೆ ಬರೋಣ. ನೆಲಮಂಗಲದ ಭೂಗೋಳವೇ ಇಲ್ಲಿ ಒಂದು ಪಾಠ. ತುಮಕೂರು ಕಡೆಗೂ ಕುಣಿಗಲ್–ಹಾಸನದ ಕಡೆಗೂ ಹೋಗುವ ಹೆದ್ದಾರಿಗಳು ಕವಲೊಡೆಯುವ ಊರಿದು. ನೆಲಮಂಗಲದ ಪದವಿ ಕಾಲೇಜುಗಳು ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರುತ್ತವೆ. ಪಕ್ಕದ ದೊಡ್ಡಬಳ್ಳಾಪುರದ್ದು ಕೋಲಾರದ ಟಮಕದಲ್ಲಿ ಕಚೇರಿ ಇರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ. ರಾಜಧಾನಿಯ ಮಧ್ಯಭಾಗದವು ಬೆಂಗಳೂರು ನಗರ ವಿಶ್ವವಿದ್ಯಾಲಯಕ್ಕೆ. ದಾಬಸ್‌ಪೇಟೆ ದಾಟಿ ಮುಂದೆ ಹೋದರೆ ತುಮಕೂರು ವಿಶ್ವವಿದ್ಯಾಲಯ. ಮನೆ ಬದಲಿಸಿ ಒಂದು ಗಂಟೆ ಬಸ್ಸಿನ ದೂರಕ್ಕೆ ಹೋದರೂ ವಿಶ್ವವಿದ್ಯಾಲಯವೇ ಬದಲಾಗುತ್ತದೆ.

ಇದರಲ್ಲಿ ಒಂದು ವಿಪರ್ಯಾಸವೂ ಇದೆ. ಈ ಪೈಕಿ ಮೂರು ವಿಶ್ವವಿದ್ಯಾಲಯಗಳು ಮೊನ್ನೆಮೊನ್ನೆಯವರೆಗೆ ಒಂದೇ ಆಗಿದ್ದವು. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯ ಕಾಲೇಜುಗಳ ಭಾರ ತಾಳಲಾರದೆ ಮೂರಾಗಿ ಒಡೆಯಿತು. ಹೊಸ ಎರಡು ವಿಶ್ವವಿದ್ಯಾಲಯಗಳು 2017ರಲ್ಲಿ ಕೆಲಸ ಆರಂಭಿಸಿದವು. ಆಡಳಿತದ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ಅದಕ್ಕೆ ಮುಂಚೆ ನೆಲಮಂಗಲದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವವಳು ಬರೀ ಕಾಲೇಜು ಬದಲಿಸುತ್ತಿದ್ದಳು. ಈಗ ಅದೇ ಪ್ರಯಾಣ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ವಲಸೆ ಎನಿಸಿಕೊಳ್ಳುತ್ತದೆ. ಟಿಸಿ ಬೇಕು, ಮೈಗ್ರೇಶನ್ ಸರ್ಟಿಫಿಕೇಟ್ ಬೇಕು, ಎರಡೂ ಕಾಲೇಜುಗಳ ಒಪ್ಪಿಗೆ ಬೇಕು, ಪಠ್ಯಗಳು ಸಮ ಎಂದು ಹೇಳುವ ಪತ್ರ ಬೇಕು. ಅದೂ ಸಾಮಾನ್ಯವಾಗಿ ಬೆಸ ಸೆಮಿಸ್ಟರ್‌ನ ಆರಂಭದಲ್ಲಿ, ಪ್ರವೇಶದ ಕೊನೆಯ ದಿನಾಂಕದ ಒಳಗೆ. ಹಿಂದಿನ ಸೆಮಿಸ್ಟರ್‌ನ ಫಲಿತಾಂಶ ತಡವಾದರೆ ಆ ದಿನಾಂಕ ಕೈತಪ್ಪುತ್ತದೆ. ವಿಶ್ವವಿದ್ಯಾಲಯವನ್ನು ಒಡೆಯುವಾಗ ಆಸ್ತಿ, ಸಿಬ್ಬಂದಿ, ಕಾಲೇಜುಗಳನ್ನೆಲ್ಲ ಲೆಕ್ಕ ಹಾಕಿ ಹಂಚಿದೆವು. ವಿದ್ಯಾರ್ಥಿ ಈ ಗಡಿಯನ್ನು ದಾಟಬೇಕಾದಾಗ ಅವನ ಓದು ಹಾಗೆಯೇ ದಾಟುತ್ತದೆ ಎಂಬ ಒಂದು ಸಾಲನ್ನೂ ಅದರೊಂದಿಗೆ ಬರೆದು, ಎಲ್ಲ ಕಾಲೇಜು ಕಚೇರಿಗಳಿಗೂ ತಿಳಿಯುವ ಹಾಗೆ ಜಾರಿಗೆ ತರಬೇಕಿತ್ತು.

ಊರು ಬಿಡುವವರು ಯಾರು ಎಂಬುದನ್ನೂ ಗಮನಿಸಬೇಕು. ಸ್ಥಿತಿವಂತರ ಮಕ್ಕಳು ಮೂರು ವರ್ಷವೂ ಒಂದೇ ಕಾಲೇಜಿನಲ್ಲಿ ಓದಿ ಮುಗಿಸುತ್ತಾರೆ. ಓದಿನ ನಡುವೆ ಹೊರಡುವವರು ಮದುವೆಯಾದ ಹೆಣ್ಣುಮಕ್ಕಳು, ಅಪ್ಪನಿಗೆ ಕಾಯಿಲೆ ಬಂದು ಕಾರ್ಖಾನೆಯ ಶಿಫ್ಟಿಗೆ ಸೇರಿದ ಹುಡುಗರು, ಬಾಡಿಗೆ ಹೆಚ್ಚಾಗಿ ಮನೆ ಬದಲಿಸಿದ ಕುಟುಂಬದವರು, ಕೆಲಸ ಅರಸಿ ಉತ್ತರ ಕರ್ನಾಟಕದಿಂದ ಈ ಕಡೆ ಬಂದವರು. ಆದ್ದರಿಂದ ವರ್ಗಾವಣೆಯ ನಿಯಮ ಸಡಿಲವಾಗಿದೆಯೋ ಬಿಗಿಯಾಗಿದೆಯೋ ಎಂಬುದು ಕಚೇರಿಯ ಕಾರ್ಯವಿಧಾನದ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ. ಯಾರ ಓದು ಮುಗಿಯುತ್ತದೆ, ಯಾರದು ನಿಲ್ಲುತ್ತದೆ ಎಂಬುದನ್ನು ಅದು ತೀರ್ಮಾನಿಸುತ್ತದೆ. ಒಂದು ವರ್ಷ ಮತ್ತೆ ಓದುವುದೆಂದರೆ ಸರ್ಕಾರಿ ಕಾಲೇಜಿನಲ್ಲಿ ಶುಲ್ಕ ದೊಡ್ಡ ಮೊತ್ತವಲ್ಲದಿರಬಹುದು. ಆ ಒಂದು ವರ್ಷದಲ್ಲಿ ಬಾರದೆ ಹೋದ ಸಂಬಳ ದೊಡ್ಡದು. 'ಇನ್ನೂ ಎಷ್ಟು ವರ್ಷ ಓದುತ್ತೀಯಾ' ಎಂಬ ಮನೆಯವರ ಮಾತು ಅದಕ್ಕಿಂತ ದೊಡ್ಡದು.

ಇದಕ್ಕೆಲ್ಲ ಪರಿಹಾರ ಸಿಕ್ಕಿತು ಎಂದು 2021ರಲ್ಲಿ ಹೇಳಲಾಯಿತು. ರಾಷ್ಟ್ರೀಯ ಶಿಕ್ಷಣ ನೀತಿಗೆ (ಎನ್‌ಇಪಿ) ಒಂದು ವರ್ಷ ತುಂಬಿದ ಸಂದರ್ಭದಲ್ಲಿ, ಆ ವರ್ಷದ ಜುಲೈ ಕೊನೆಯಲ್ಲಿ, ಯುಜಿಸಿಯ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಜಾರಿಗೆ ಬಂತು. ವಿದ್ಯಾರ್ಥಿಗೆ ಒಂದು ಐಡಿ. ಗಳಿಸಿದ ಕ್ರೆಡಿಟ್ ಎಲ್ಲ ಅವನ ಖಾತೆಗೆ ಜಮಾ. ಏಳು ವರ್ಷದವರೆಗೆ ಮಾನ್ಯ. ಬೇರೆ ಸಂಸ್ಥೆಗೆ ಹೋದರೂ ಬಳಸಬಹುದು. ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು ಎಂಬ ಕಾವಲೂ ಇದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವರ್ಷಕ್ಕೆ 1,200 ಗಂಟೆಗಳ ಕಲಿಕೆ, 40 ಕ್ರೆಡಿಟ್ ಎಂಬ ಸಮಾನ ಅಳತೆ ಕೊಟ್ಟಿತು. ಶಾಲೆ, ಐಟಿಐ, ಪದವಿ ಎಲ್ಲಕ್ಕೂ ಒಂದೇ ತಕ್ಕಡಿ.

ಉದ್ದೇಶ ಒಳ್ಳೆಯದು, ಸಂಶಯವಿಲ್ಲ. ಆದರೆ ಈ ಬ್ಯಾಂಕು ಮಾಡುವ ಕೆಲಸ ಇಷ್ಟೇ: ನೀನು ಇಂತಿಷ್ಟು ಓದಿದ್ದೀ ಎಂದು ದಾಖಲಿಸುವುದು. ಅದನ್ನು ತೆಗೆದುಕೊಳ್ಳಲೇಬೇಕು ಎಂದು ಮುಂದಿನ ಕಾಲೇಜಿಗೆ ಹೇಳುವ ಅಧಿಕಾರ ಅದಕ್ಕಿಲ್ಲ. ಅಂಗಡಿಯವನು ಮುಟ್ಟದ ನೋಟು ಜೇಬಿನಲ್ಲಿ ಎಷ್ಟಿದ್ದರೇನು? ಯಾವ ಕ್ರೆಡಿಟ್‌ಗೆ ಯಾವ ಪೇಪರ್ ಸಮ ಎಂಬ ತೀರ್ಮಾನ ಇಂದಿಗೂ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯದ ಕೈಯಲ್ಲಿದೆ. ಡಿಜಿಲಾಕರ್‌ನಲ್ಲಿ 80 ಕ್ರೆಡಿಟ್ ಕಾಣುತ್ತಿದ್ದರೂ ಕಾಲೇಜಿನ ಕೌಂಟರಿನಲ್ಲಿ ಮತ್ತೆ 'ಸಿಲಬಸ್ ತನ್ನಿ' ಎಂಬ ಮಾತೇ. ದಾಖಲೆ ಡಿಜಿಟಲ್ ಆಯಿತು. ನಿರ್ಧಾರ ಹಳೆಯ ಫೈಲಿನಲ್ಲೇ ಉಳಿಯಿತು.

ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. 2021ರ ಆಗಸ್ಟ್‌ನಲ್ಲಿ ದೇಶದಲ್ಲೇ ಮೊದಲು ಎನ್‌ಇಪಿ ಜಾರಿಗೆ ತಂದ ರಾಜ್ಯ ಎಂದು ನಾವು ಹೆಸರು ಮಾಡಿದೆವು. ಬಿ.ಎ., ಬಿ.ಎಸ್ಸಿ.ಯಲ್ಲಿ ಮೂರು ಐಚ್ಛಿಕ ವಿಷಯಗಳ ಜಾಗಕ್ಕೆ ಎರಡು ಬಂದವು, ಓಪನ್ ಎಲೆಕ್ಟಿವ್ ಬಂತು, ನಾಲ್ಕನೇ ವರ್ಷದ ಆನರ್ಸ್ ಬಂತು. 2023ರಲ್ಲಿ ಸರ್ಕಾರ ಬದಲಾಯಿತು, ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಆಯೋಗದ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಹೊರಟು, 2024–25ರಿಂದ ಮೂರು ವರ್ಷದ ಪದವಿಯೂ ಮೂರು ಐಚ್ಛಿಕಗಳ ಮಾದರಿಯೂ ಮರಳಿದವು. ಆಯೋಗದ ಅಂತಿಮ ವರದಿ 2025ರ ಆಗಸ್ಟ್‌ನಲ್ಲಿ ಸರ್ಕಾರದ ಕೈ ಸೇರಿತು. ಯಾವ ನೀತಿ ಸರಿ ಎಂಬ ವಾದ ಇಲ್ಲಿ ಬೇಡ. ಎರಡೂ ಕಡೆ ಯೋಚಿಸುವವರಿದ್ದಾರೆ. ಓದಿನ ನಡುವೆ ಊರು ಬಿಟ್ಟವರ ಸ್ಥಿತಿಯನ್ನಷ್ಟೇ ನೋಡೋಣ.

2022ರಲ್ಲಿ ಇತಿಹಾಸ ಮತ್ತು ಅರ್ಥಶಾಸ್ತ್ರ ತೆಗೆದುಕೊಂಡು ಬಿ.ಎ. ಸೇರಿ, ಎರಡು ಸೆಮಿಸ್ಟರ್ ಪಾಸಾಗಿ, ಮನೆಯ ಕಾರಣಕ್ಕೆ ಬಿಟ್ಟವಳೊಬ್ಬಳು ಈಗ ಮರಳಿ ಬಂದರೆ? ಬ್ಯಾಂಕಿನ ನಿಯಮದ ಪ್ರಕಾರ ಏಳು ವರ್ಷ ಮುಗಿದಿಲ್ಲ. ಅವಳ ಕ್ರೆಡಿಟ್ ಜೀವಂತವಾಗಿವೆ. ಆದರೆ ತರಗತಿಯಲ್ಲಿ ಈಗಿರುವುದು ಮೂರು ಐಚ್ಛಿಕಗಳ ಹೊಸ ಪಠ್ಯಕ್ರಮ. ಅವಳು ಓದದ ಮೂರನೇ ವಿಷಯವನ್ನು ಏನು ಮಾಡುವುದು? ಅವಳು ಓದಿದ ಓಪನ್ ಎಲೆಕ್ಟಿವ್‌ಗೆ ಎಲ್ಲಿ ಜಾಗ? ಎನ್‌ಇಪಿಗೂ ಮುಂಚೆ ಸಿಬಿಸಿಎಸ್ ಎಂಬ ಪಠ್ಯಕ್ರಮ ಇತ್ತು. ಐದು ವರ್ಷ ತುಂಬುವಷ್ಟರಲ್ಲಿ ಮೂರು ಪಠ್ಯಕ್ರಮ. ಏಳು ವರ್ಷ ಬಾಳುವ ಕ್ರೆಡಿಟ್, ಮೂರು ವರ್ಷ ಬಾಳುವ ಸಿಲಬಸ್. ಇವೆರಡನ್ನೂ ಒಂದೇ ವ್ಯವಸ್ಥೆಯಲ್ಲಿ ಇಟ್ಟಾಗ ಕ್ರೆಡಿಟ್ ಸೋಲುವುದು ಖಚಿತ. ನೀತಿ ಬದಲಿಸುವ ಹಕ್ಕು ಚುನಾಯಿತ ಸರ್ಕಾರಕ್ಕಿದೆ. ಬದಲಿಸುವಾಗ ಹಳೆಯದರಲ್ಲಿ ಓದಿದ್ದು ಹೊಸದರಲ್ಲಿ ಯಾವುದಕ್ಕೆ ಸಮ ಎಂದು ಹೇಳುವ ಹೊಣೆಯೂ ಅದಕ್ಕೇ ಸೇರಿದ್ದು.

ಈ ಸಮಸ್ಯೆಯನ್ನು ನಮಗಿಂತ ಮೊದಲು ದೊಡ್ಡ ಪ್ರಮಾಣದಲ್ಲಿ ಎದುರಿಸಿದ ದೇಶ ಅಮೆರಿಕ. ಅಲ್ಲಿ ಕಮ್ಯುನಿಟಿ ಕಾಲೇಜು ಎಂದರೆ ಊರಿನ ಮಕ್ಕಳು ಕಡಿಮೆ ಶುಲ್ಕದಲ್ಲಿ, ಮನೆಯಿಂದಲೇ ಹೋಗಿಬಂದು ಎರಡು ವರ್ಷ ಓದುವ ಜಾಗ. ಅಲ್ಲಿಂದ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹೋಗುವುದು ಲೆಕ್ಕ. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲೇ ಇಂಥ ಕಾಲೇಜು ಶುರುವಾಯಿತು. ಕ್ಯಾಲಿಫೋರ್ನಿಯಾ 1960ರ ತನ್ನ ಮಾಸ್ಟರ್ ಪ್ಲಾನ್‌ನಲ್ಲಿ ಇಡೀ ಉನ್ನತ ಶಿಕ್ಷಣವನ್ನೇ ಈ ಏಣಿಯ ಮೇಲೆ ನಿಲ್ಲಿಸಿತು. ಆದರೂ ಫಲ ನಿರೀಕ್ಷಿಸಿದಷ್ಟು ಸಿಗಲಿಲ್ಲ. 2017ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯೇ ಪ್ರಕಟಿಸಿದ ವರದಿಯ ಅಂದಾಜಿನಂತೆ, ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಸರಾಸರಿ ಶೇ 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು. ಅಷ್ಟೊಂದು ಕಂಪ್ಯೂಟರು, ಅಷ್ಟೊಂದು ಸಲಹೆಗಾರರು ಇದ್ದ ದೇಶದಲ್ಲೇ ಈ ಗತಿ. ಒಂದೊಂದು ಪೇಪರನ್ನೂ ಸೇರಿಸಿಕೊಳ್ಳುವ ವಿಭಾಗವೇ ತೂಗಿ ನೋಡುವ ಪದ್ಧತಿ ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು.

ಅದೇ ದೇಶದಲ್ಲಿ ಬೇರೆ ದಾರಿ ಹಿಡಿದ ರಾಜ್ಯಗಳೂ ಇವೆ. ಫ್ಲಾರಿಡಾ 1970ರ ದಶಕದ ಆರಂಭದಲ್ಲೇ ರಾಜ್ಯಕ್ಕೆಲ್ಲ ಒಂದೇ ಒಪ್ಪಂದ ಮಾಡಿಕೊಂಡು, ಎಲ್ಲ ಸಾರ್ವಜನಿಕ ಕಾಲೇಜುಗಳ ಕೋರ್ಸುಗಳಿಗೆ ಒಂದೇ ಸಂಖ್ಯಾಪದ್ಧತಿ ತಂದಿತು. ಒಂದೇ ಸಂಖ್ಯೆಯ ಕೋರ್ಸ್ ಎಲ್ಲಿ ಓದಿದರೂ ಅದೇ. ಕ್ಯಾಲಿಫೋರ್ನಿಯಾ 2010ರಲ್ಲಿ ಕಾನೂನು ಮಾಡಿ, ನಿಗದಿತ 60 ಯೂನಿಟ್ ಮುಗಿಸಿ ಬಂದವರನ್ನು ರಾಜ್ಯ ವಿಶ್ವವಿದ್ಯಾಲಯ ವ್ಯವಸ್ಥೆ ನೇರವಾಗಿ ಮೂರನೇ ವರ್ಷಕ್ಕೆ ತೆಗೆದುಕೊಳ್ಳಬೇಕು, ಇನ್ನು 60 ಯೂನಿಟ್‌ಗಿಂತ ಹೆಚ್ಚು ಓದಿಸಬಾರದು ಎಂದಿತು. ನಮ್ಮ ಡಿಪ್ಲೊಮಾ ಲ್ಯಾಟರಲ್ ಎಂಟ್ರಿಯ ತರ್ಕವೂ ಇದೇ. ಬಿಡಿಬಿಡಿಯಾಗಿ ತೂಗಿದರೆ ಕ್ರೆಡಿಟ್ ಸೋರುತ್ತದೆ, ಇಡಿಯಾಗಿ ಒಪ್ಪಿಕೊಂಡರೆ ಉಳಿಯುತ್ತದೆ. ಹೊರದೇಶದಿಂದ ಕಲಿಯಬೇಕಾದ ಪಾಠ ನಮ್ಮ ಪಾಲಿಟೆಕ್ನಿಕ್‌ನಲ್ಲೇ ಇದೆ.

ನಮ್ಮಲ್ಲೂ ಕಮ್ಯುನಿಟಿ ಕಾಲೇಜು ಎಂಬ ಹೆಸರಿನ ಕಾಲೇಜುಗಳಿಗೆ ಯುಜಿಸಿ 2013ರ ಸುಮಾರಿಗೆ ಯೋಜನೆ ತಂದಿತು, 2014ರಲ್ಲಿ ವೃತ್ತಿ ಕೌಶಲದ ಬಿ.ವೊಕ್. ಪದವಿಯೂ ಬಂತು. ಹೆಸರು ತಂದೆವು, ಆ ಕಾಲೇಜಿನಿಂದ ಮುಂದಕ್ಕೆ ಹೋಗುವ ಖಾತ್ರಿಯನ್ನು ತರಲಿಲ್ಲ. ಎರಡು ವರ್ಷದ ಕೋರ್ಸ್ ಮುಗಿಸಿದವರು ಸಾಮಾನ್ಯ ಪದವಿಯ ಯಾವ ವರ್ಷಕ್ಕೆ ಸೇರಬಹುದು ಎಂಬುದು ಎಲ್ಲ ವಿಶ್ವವಿದ್ಯಾಲಯಗಳಿಗೂ ಒಂದೇ ರೀತಿ ಅನ್ವಯವಾಗುವ ಹಕ್ಕಾಗಲಿಲ್ಲ. ಮುಂದೆ ದಾರಿ ಕಾಣದ ಕೋರ್ಸಿಗೆ ತಂದೆತಾಯಿ ಮಕ್ಕಳನ್ನು ಏಕೆ ಸೇರಿಸುತ್ತಾರೆ?

ಓದಿದ್ದನ್ನು ಇಡಿಯಾಗಿ ಒಪ್ಪಿಕೊಳ್ಳುವುದಕ್ಕೆ ಎದುರು ವಾದಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು ಗುಣಮಟ್ಟ. ಎಲ್ಲ ಕಾಲೇಜುಗಳಲ್ಲೂ ಪಾಠ ಒಂದೇ ರೀತಿ ನಡೆಯುವುದಿಲ್ಲ. ಎಲ್ಲೆಲ್ಲಿಂದಲೋ ತಂದ ಕ್ರೆಡಿಟ್ ಒಪ್ಪಿಕೊಂಡರೆ ನಮ್ಮ ಪದವಿಯ ಮೌಲ್ಯ ಇಳಿಯುತ್ತದೆ ಎಂದು ಅಧ್ಯಾಪಕರು ಹೇಳುತ್ತಾರೆ. ಈ ಭಯಕ್ಕೆ ಆಧಾರವಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹೊರಗಿನ ಸಂಸ್ಥೆಗಳ ಸಹಯೋಗದಲ್ಲಿ ಮಿತಿ ಮೀರಿ ಕೋರ್ಸುಗಳನ್ನು ನಡೆಸಿದ್ದರಿಂದ ಯುಜಿಸಿ ಅದರ ಮಾನ್ಯತೆಯನ್ನು ತಡೆಹಿಡಿಯಿತು. 2013–14ರಿಂದ ಕೆಲವು ವರ್ಷ ಅಲ್ಲಿ ಓದಿದವರ ಪದವಿಯೇ ಅತಂತ್ರವಾಯಿತು. 2018ರಲ್ಲಿ ಮಾನ್ಯತೆ ಮರಳಿದರೂ ಆ ನಡುವಿನವರು ಪಟ್ಟ ಪಾಡು ಸಣ್ಣದಲ್ಲ. ಕ್ರೆಡಿಟ್ ಎಂದರೆ ಕೊನೆಗೆ ನಂಬಿಕೆಯೇ. ನಂಬಿಕೆ ಕೆಟ್ಟರೆ ಮೊದಲು ಬೀದಿಗೆ ಬೀಳುವವನು ವಿದ್ಯಾರ್ಥಿ.

ಆದರೆ ಈ ವಾದವನ್ನು ನೆಲಮಂಗಲ–ದೊಡ್ಡಬಳ್ಳಾಪುರಕ್ಕೆ ತಂದು ನಿಲ್ಲಿಸಿ ನೋಡಿ. ಎರಡೂ ಊರಿನ ಕಾಲೇಜುಗಳು ಒಂದೇ ರಾಜ್ಯದವು. ಎರಡೂ ವಿಶ್ವವಿದ್ಯಾಲಯಗಳು 2000ನೇ ಇಸವಿಯ ಒಂದೇ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಡಿ ನಡೆಯುವಂಥವು. ಸರ್ಕಾರಿ ಕಾಲೇಜಿನ ಅಧ್ಯಾಪಕರು ಇಂದು ಇಲ್ಲಿ, ನಾಳೆ ವರ್ಗವಾಗಿ ಅಲ್ಲಿ. ಅಧ್ಯಾಪಕರು ದಾಟಬಹುದಾದ ಗಡಿಯನ್ನು ಅವರು ಹೇಳಿದ ಪಾಠ ದಾಟಬಾರದೇ? ಗುಣಮಟ್ಟದ ಚಿಂತೆ ಇದ್ದರೆ ಅದಕ್ಕೆ ವಿಟಿಯು ತೋರಿಸಿದ ದಾರಿ ಇದೆ: ಕೊರತೆ ಇರುವಲ್ಲಿ ಸೇತುವೆ ಪತ್ರಿಕೆ, ಪ್ರವೇಶಕ್ಕೆ ಪರೀಕ್ಷೆ. ಇಡೀ ವರ್ಷವನ್ನು ತಳ್ಳಿಹಾಕುವುದು ಗುಣಮಟ್ಟವನ್ನು ಕಾಯುವ ಕ್ರಮವಲ್ಲ, ನಿರ್ಧಾರ ಮಾಡುವ ಶ್ರಮವನ್ನು ತಪ್ಪಿಸಿಕೊಳ್ಳುವ ಕ್ರಮ.

ಎರಡನೆಯ ವಾದ ಸ್ವಾಯತ್ತತೆಯದು. ಯಾರಿಗೆ ಪದವಿ ಕೊಡಬೇಕೆಂದು ತೀರ್ಮಾನಿಸುವುದು ವಿಶ್ವವಿದ್ಯಾಲಯದ ಹಕ್ಕು. ಒಪ್ಪೋಣ. ಹಕ್ಕು ಇದ್ದವರಿಗೆ ಕಾರಣ ಕೊಡುವ ಹೊಣೆಯೂ ಇರುತ್ತದೆ. ಇಂದು ಹೊರೆ ಇರುವುದು ಅರ್ಜಿದಾರರ ಮೇಲೆ: 'ನಾನು ಓದಿದ್ದು ನಿಮ್ಮದಕ್ಕೆ ಸಮ' ಎಂದು ಹತ್ತೊಂಬತ್ತು ವರ್ಷದ ಹುಡುಗಿ ಸಾಬೀತು ಮಾಡಬೇಕು. ಈ ಹೊರೆ ತಿರುಗಬೇಕು. 'ಇದು ಸಮವಲ್ಲ, ಏಕೆಂದರೆ' ಎಂದು ವಿಶ್ವವಿದ್ಯಾಲಯ ಬರೆದು ಕೊಡಲಿ. ಬರೆಯಬೇಕಾಗಿ ಬಂದಾಗ ಅರ್ಧಕ್ಕರ್ಧ ನಿರಾಕರಣೆಗಳು ತಾವಾಗಿಯೇ ಕರಗುತ್ತವೆ ಎಂಬುದು ನನ್ನ ನಂಬಿಕೆ.

ಮೂರನೆಯ ವಾದ ಇವೆರಡಕ್ಕಿಂತ ಆಳವಾದದ್ದು. ಅದು ಬಡವರ ಪರ ನಿಂತವರಿಂದಲೇ ಬಂದಿದೆ. ಎನ್‌ಇಪಿಯಲ್ಲಿರುವಂತೆ ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ ಎಂದು ಹೊರಹೋಗುವ ಬಾಗಿಲುಗಳನ್ನು ಹೆಚ್ಚಿಸಿದರೆ ಬಡ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಅಲ್ಲಿಂದಲೇ ಹೊರಬೀಳುತ್ತಾರೆ. ಓದು ಬಿಡುವುದಕ್ಕೆ ಸರ್ಕಾರವೇ ಮುದ್ರೆ ಒತ್ತಿದಂತಾಗುತ್ತದೆ ಎಂಬ ಟೀಕೆ ಅದು. ಈ ಟೀಕೆಯನ್ನು ನಾನು ಒಪ್ಪುತ್ತೇನೆ. ಒಪ್ಪಿದ ಮೇಲೂ ಕೇಳಬೇಕಾದದ್ದು ಉಳಿದಿದೆ. ಎನ್‌ಇಪಿ ಬರುವ ಮೊದಲೂ ಹುಡುಗಿಯರು ನಡುವೆ ಓದು ಬಿಡುತ್ತಿದ್ದರು, ಕೈಯಲ್ಲಿ ಏನೂ ಇಲ್ಲದೆ. ಹೊರಗೆ ಹೋಗಲು ನಾವು ಹಾಕಿಕೊಟ್ಟ ವ್ಯವಸ್ಥೆ ಚೊಕ್ಕವಾಗಿದೆ. ಮರಳಿ ಬರಲು ವ್ಯವಸ್ಥೆಯೇ ಇಲ್ಲ. ಆದ್ದರಿಂದ ಟೀಕೆ ಮಾಡುವವರೂ ಸಮರ್ಥಿಸುವವರೂ ಒಟ್ಟಾಗಿ ಕೇಳಬಹುದಾದ ಬೇಡಿಕೆ ಒಂದೇ: ಮರುಪ್ರವೇಶ ಖಾತ್ರಿಯಾಗಲಿ. ನಾಲ್ಕು ವರ್ಷದ ಆನರ್ಸ್ ಬೇಡವೆಂದ ರಾಜ್ಯ ಸರ್ಕಾರ ಅದರ ಜೊತೆಗೆ ಕ್ರೆಡಿಟ್ ವರ್ಗಾವಣೆಯನ್ನೂ ಎನ್‌ಇಪಿಯ ಕೂಸೆಂದು ಕೈಬಿಡಬೇಕಾಗಿಲ್ಲ. ಡಿಪ್ಲೊಮಾದವರ ಲ್ಯಾಟರಲ್ ಎಂಟ್ರಿ ಎನ್‌ಇಪಿಗಿಂತ ಹಳೆಯದು. ಅದಕ್ಕೆ ಯಾವ ಪಕ್ಷದ ಬಣ್ಣವೂ ಇಲ್ಲ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಹಣವಾಗಲಿ ಹೊಸ ಪೋರ್ಟಲ್ ಆಗಲಿ ಬೇಕಿಲ್ಲ. ವಿದ್ಯಾರ್ಥಿಗಳ ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲ ಯುಯುಸಿಎಂಎಸ್ ಎಂಬ ಒಂದೇ ತಂತ್ರಾಂಶದಲ್ಲಿ ನಡೆಯುವ ವ್ಯವಸ್ಥೆಯನ್ನು ರಾಜ್ಯ ಈಗಾಗಲೇ ಕಟ್ಟಿದೆ. ಬೇಕಾಗಿರುವುದು ಕೆಲವು ನಿಯಮ.

ಒಂದು, ರಾಜ್ಯದ ಯಾವುದೇ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಒಂದು ಪದವಿಯ ಮೊದಲ ವರ್ಷ ಪಾಸಾದವರನ್ನು ಅದೇ ಪದವಿಯ ಎರಡನೇ ವರ್ಷಕ್ಕೆ, ಎರಡು ವರ್ಷ ಪಾಸಾದವರನ್ನು ಮೂರನೇ ವರ್ಷಕ್ಕೆ ಉಳಿದೆಲ್ಲ ವಿಶ್ವವಿದ್ಯಾಲಯಗಳೂ ಇಡಿಯಾಗಿ ಒಪ್ಪಿಕೊಳ್ಳಬೇಕು. ಐಚ್ಛಿಕ ವಿಷಯ ಬೇರೆಯಾಗಿದ್ದರೆ ಅದಕ್ಕೆ ಸೇತುವೆ ಪತ್ರಿಕೆ ಇರಲಿ, ವರ್ಷ ಹಿಂದಕ್ಕೆ ತಳ್ಳುವುದು ಬೇಡ. ಎರಡು, ಪಠ್ಯಕ್ರಮ ಬದಲಿಸುವ ಪ್ರತಿ ಆದೇಶದ ಜೊತೆಗೆ ಹಳೆಯದು–ಹೊಸದರ ಸಮಾನತೆಯ ಪಟ್ಟಿ ಕಡ್ಡಾಯವಾಗಿರಲಿ. ಪಟ್ಟಿ ಇಲ್ಲದ ಆದೇಶ ಜಾರಿಗೆ ಬರಬಾರದು. ಮೂರು, ವರ್ಗಾವಣೆ ಅರ್ಜಿಗೆ ನಿಗದಿತ ದಿನಗಳೊಳಗೆ ಲಿಖಿತ ಉತ್ತರ ಬರಬೇಕು; ಬಾರದಿದ್ದರೆ ಒಪ್ಪಿಗೆ ಎಂದೇ ಅರ್ಥ. ಫಲಿತಾಂಶ ವಿಶ್ವವಿದ್ಯಾಲಯದಿಂದಲೇ ತಡವಾದರೆ ಕೊನೆಯ ದಿನಾಂಕ ಅಷ್ಟೇ ಮುಂದಕ್ಕೆ ಹೋಗಬೇಕು. ನಾಲ್ಕು, ಪಾಲಿಟೆಕ್ನಿಕ್‌ನಿಂದ ಎಂಜಿನಿಯರಿಂಗ್‌ಗೆ ಇರುವ ಹಾದಿಯಂತೆಯೇ ಬಿ.ವೊಕ್. ಮತ್ತು ಕೌಶಲ ಕೋರ್ಸುಗಳಿಂದ ಸಾಮಾನ್ಯ ಪದವಿಗೆ ಲ್ಯಾಟರಲ್ ಪ್ರವೇಶ ನಿಗದಿಯಾಗಲಿ. ಈ ಸಮಾನತೆಯ ಪಟ್ಟಿ ತಯಾರಿಸಲು ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಇದೆ. ಅದಕ್ಕಿಂತ ಯೋಗ್ಯವಾದ ಕೆಲಸ ಅದಕ್ಕೆ ಸಿಗಲಾರದು. ಐದು, ಎಷ್ಟು ಅರ್ಜಿ ಬಂದವು, ಎಷ್ಟು ಒಪ್ಪಿದಿರಿ, ಎಷ್ಟು ಏಕೆ ತಿರಸ್ಕರಿಸಿದಿರಿ ಎಂಬುದನ್ನು ಪ್ರತಿ ವಿಶ್ವವಿದ್ಯಾಲಯ ವರ್ಷಕ್ಕೊಮ್ಮೆ ಪ್ರಕಟಿಸಲಿ. ಹಾಗೆ ಬಂದವರು ಮುಂದೆ ಹೇಗೆ ಓದಿದರು ಎಂಬ ಲೆಕ್ಕವೂ ಸಿಕ್ಕಿದರೆ ಗುಣಮಟ್ಟದ ವಾದ ಊಹೆಯ ಮೇಲೆ ನಡೆಯುವುದು ನಿಲ್ಲುತ್ತದೆ.

ನಿಯಮ ಬರುವವರೆಗೆ ವಿದ್ಯಾರ್ಥಿಗಳು ಸುಮ್ಮನೆ ಕೂರುವಂತಿಲ್ಲ. ಪ್ರತಿ ಸೆಮಿಸ್ಟರ್‌ನ ಅಂಕಪಟ್ಟಿಯ ಜೊತೆಗೆ ಆ ವರ್ಷದ ಸಿಲಬಸ್‌ನ ಪ್ರತಿಯನ್ನೂ ಜೋಪಾನವಾಗಿಟ್ಟುಕೊಳ್ಳಿ. ಮೂರು ವರ್ಷದ ನಂತರ ಅದು ಕಾಲೇಜಿನ ವೆಬ್‌ಸೈಟಿನಲ್ಲೂ ಇರುವುದಿಲ್ಲ. ಕ್ರೆಡಿಟ್ ಬ್ಯಾಂಕಿನ ಐಡಿ ಮಾಡಿಸಿ, ನಿಮ್ಮ ಕ್ರೆಡಿಟ್ ನಿಜಕ್ಕೂ ಜಮಾ ಆಗಿವೆಯೇ ಎಂದು ನೋಡಿಕೊಳ್ಳಿ. ಕಾಲೇಜು ಬಿಡುವ ದಿನ ಟಿಸಿಯೊಂದನ್ನೇ ತೆಗೆದುಕೊಂಡು ಬರಬೇಡಿ. ಓದಿದ ವಿಷಯ, ಗಂಟೆ, ಕ್ರೆಡಿಟ್‌ಗಳ ಪಟ್ಟಿಗೆ ಸಹಿ, ಸೀಲು ಹಾಕಿಸಿಕೊಳ್ಳಿ. ಯಾವುದಾದರೂ ಕಚೇರಿ ಇಲ್ಲ ಎಂದರೆ ಆ 'ಇಲ್ಲ'ವನ್ನು ಬರವಣಿಗೆಯಲ್ಲಿ ಕೇಳಿ. ಮಾಹಿತಿ ಹಕ್ಕಿನ ಕಾಯ್ದೆ ಇರುವುದು ಇಂಥದ್ದಕ್ಕೇ.

ನೆಲಮಂಗಲ ಬೆಳೆಯುತ್ತಿದೆ. ಮೆಟ್ರೊ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂತು. ಕಾರ್ಖಾನೆ, ಗೋದಾಮುಗಳು ದಾಬಸ್‌ಪೇಟೆಯವರೆಗೆ ಹಬ್ಬಿವೆ. ಇಲ್ಲಿ ಓದುವ ಮಕ್ಕಳು ಇಲ್ಲೇ ಮೂರು ವರ್ಷ ಕದಲದೆ ಕೂರುತ್ತಾರೆಂದು ಎಣಿಸಿ ಮಾಡಿದ ನಿಯಮಗಳು ಈ ಊರಿಗೆ ಹೊಂದುವುದಿಲ್ಲ. ಡಿಪ್ಲೊಮಾ ವಿದ್ಯಾರ್ಥಿಗೆ ಕೊಟ್ಟ ನ್ಯಾಯವನ್ನು ಬಿ.ಎ., ಬಿ.ಕಾಂ. ಮಕ್ಕಳಿಗೆ ಕೊಡದಿರಲು ಸರ್ಕಾರದ ಬಳಿ ಹೇಳಿಕೊಳ್ಳುವಂಥ ಕಾರಣ ಒಂದೂ ಇಲ್ಲ. ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶ ಪ್ರಕಟಣೆ ಹೊರಡುವ ಮೊದಲೇ ಆ ನಿಯಮ ಬರಲಿ.